ಕಾರಿನ ಎಂಜಿನ್ ಆಯಿಲ್ ನೀವೇ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕಾರಿನ ಆಯಿಲ್ ನಾನೇ ಬದಲಿಸಲು ಶುರು ಮಾಡಿ ಬಹಳ ವರ್ಷಗಳಾದವು. ಅವತ್ತಿನಿಂದ ಗೆಳೆಯರು, ನೆಂಟರು ಕೇಳುತ್ತಾ ಬಂದಿರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮೊದಲ ಸಲ ಕಾರಿನ ಕೆಳಗೆ ಮಲಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಪಕ್ಕದಲ್ಲೇ ಇಟ್ಟುಕೊಂಡು ಓದಿ. ಯಾವ ಆಯಿಲ್, ಎಷ್ಟು ಲೀಟರ್, ಬೋಲ್ಟ್ ಎಷ್ಟು ಬಿಗಿ ಅನ್ನುವ ವಿಷಯಗಳಲ್ಲಿ ಅದು ಹೇಳಿದ್ದೇ ಕೊನೆ ಮಾತು.

ಎಷ್ಟು ಕಿಲೋಮೀಟರಿಗೆ ಒಮ್ಮೆ ಆಯಿಲ್ ಬದಲಿಸಬೇಕು?

ಈಗಿನ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ ಕಂಪನಿ ಹೇಳುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲು ಬರುತ್ತದೋ ಅದು. ಕೆಲವಕ್ಕೆ 15,000 ಕಿ.ಮೀ. ಇರುತ್ತದೆ. ಯುರೋಪಿನ ಕೆಲವು ಕಾರುಗಳಿಗೆ ವಿಶೇಷ ಲಾಂಗ್‌ಲೈಫ್ ಆಯಿಲ್ ಹಾಕಿದರೆ 30,000 ಕಿ.ಮೀ. ಅಥವಾ ಎರಡು ವರ್ಷ ಅಂತಲೂ ಬರೆದಿರುತ್ತದೆ. ಹಿರಿಯರು ಹೇಳುವ 5,000 ಕಿ.ಮೀ. ಲೆಕ್ಕ ಮಿನರಲ್ ಆಯಿಲ್, ಕಾರ್ಬ್ಯುರೇಟರ್ ಎಂಜಿನ್‌ಗಳ ಕಾಲದ್ದು. ಆಗಿನ ಎಂಜಿನ್‌ಗಳಿಗೆ ಅದು ಸರಿಯಾಗಿಯೇ ಇತ್ತು.

ಆದರೆ ಇವುಗಳಲ್ಲಿ ಯಾವ ಅಂಕಿಯನ್ನೂ ಕಣ್ಣು ಮುಚ್ಚಿ ಹಿಡಿಯಬೇಡಿ. ಕಾರು ಎಷ್ಟು ದೂರ ಓಡಿತು ಅನ್ನುವುದಕ್ಕಿಂತ ಹೇಗೆ ಓಡಿತು ಅನ್ನುವುದರ ಮೇಲೆ ಆಯಿಲ್‌ನ ಆಯಸ್ಸು ನಿಂತಿದೆ. ದಿನಾ 80 ಕಿ.ಮೀ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗಿಬರುವ ಕಾರು, ದಿನಾ 3 ಕಿ.ಮೀ. ಹೋಗಿ ನಿಲ್ಲುವ ಕಾರು, ಎರಡೂ 10,000 ಕಿ.ಮೀ. ಓಡಿವೆ ಅಂದುಕೊಳ್ಳಿ. ಮೊದಲನೆಯದರ ಆಯಿಲ್ ಇನ್ನೂ ಚೆನ್ನಾಗಿರಬಹುದು. ಎರಡನೆಯದರದ್ದು ಎಂದೋ ಸೋತಿರುತ್ತದೆ. ಮೀಟರ್ ಮಾತ್ರ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ.

ನನ್ನ ಲೆಕ್ಕ ಹೀಗಿದೆ. ಹೆದ್ದಾರಿ ಓಟವೇ ಜಾಸ್ತಿ ಇದ್ದರೆ ಕಂಪನಿ ಹೇಳಿದಷ್ಟು. ಊರೊಳಗಿನ ಓಡಾಟವೇ ಜಾಸ್ತಿ ಇದ್ದರೆ ಅದರ ಅರ್ಧ, ಹೆಚ್ಚೆಂದರೆ ಮುಕ್ಕಾಲು. ಟರ್ಬೊ ಎಂಜಿನ್ ಇದ್ದರೆ, ಮ್ಯಾನ್ಯುಯಲ್ 20,000 ಅಂದರೂ ನಾನು 10,000 ದಾಟಿಸುವುದಿಲ್ಲ. ಬೇಗ ಬದಲಿಸಿದರೆ ಸ್ವಲ್ಪ ಆಯಿಲ್ ದಂಡ, ಅಷ್ಟೇ. ತಡ ಮಾಡಿದರೆ ದಂಡ ಬೀಳುವುದು ಎಂಜಿನ್‌ಗೆ.

ಮ್ಯಾನ್ಯುಯಲ್‌ನಲ್ಲಿ ‘ಸಿವಿಯರ್ ಬಳಕೆ’ (ಕಠಿಣ ಬಳಕೆ) ಅಂತ ಇದೆ. ನನ್ನ ಕಾರಿಗೂ ಅದು ಅನ್ವಯಿಸುತ್ತದಾ?

ಬಹುಶಃ ಅನ್ವಯಿಸುತ್ತದೆ. ಆ ಹೆಸರು ಕೇಳಿ ಮರುಭೂಮಿ, ರೇಸ್ ಟ್ರ್ಯಾಕ್ ಅಂದುಕೊಂಡು ಜನ ಆ ಪುಟ ಮಗುಚಿಬಿಡುತ್ತಾರೆ. ಅಲ್ಲಿರುವ ಪಟ್ಟಿ ಓದಿ ನೋಡಿ. ಪದೇ ಪದೇ ಚಿಕ್ಕ ದೂರದ ಓಡಾಟ, ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವುದು, ಎಂಜಿನ್ ಆನ್ ಇಟ್ಟು ಬಹಳ ಹೊತ್ತು ನಿಲ್ಲಿಸುವುದು, ಧೂಳಿನ ರಸ್ತೆ, ಬೆಟ್ಟದ ಏರು, ಭಾರ ಎಳೆಯುವುದು, ತುಂಬಾ ಚಳಿ ಅಥವಾ ತುಂಬಾ ಸೆಕೆ. ಇಷ್ಟರಲ್ಲಿ ಒಂದೂ ಇಲ್ಲದ ಕಾರು ಸಿಗುವುದು ಕಷ್ಟ ಅಲ್ವಾ?

ಇವುಗಳಲ್ಲಿ ಚಿಕ್ಕ ದೂರದ ಓಡಾಟದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದನ್ನು ಯಾರೂ ನಂಬುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಹೆಚ್ಚಿನದು ಆವಿಯಾಗಿ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಆದರೆ ಸ್ವಲ್ಪ ಹೊಗೆ, ಸ್ವಲ್ಪ ಆವಿ, ಉರಿಯದೆ ಉಳಿದ ಒಂಚೂರು ಪೆಟ್ರೋಲ್ ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗಿನ ಆಯಿಲ್‌ಗೆ ಸೇರುತ್ತವೆ. ಆಯಿಲ್ ಚೆನ್ನಾಗಿ ಕಾದಿದ್ದರೆ ಆ ನೀರೂ ಪೆಟ್ರೋಲೂ ಆವಿಯಾಗಿ ಹೋಗುತ್ತವೆ. ಕಾಯದಿದ್ದರೆ ಅಲ್ಲೇ ಉಳಿಯುತ್ತವೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಅಂದರೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಬಿಸಿಯಾಯಿತು ಅಂತ ಮಾತ್ರ ಅರ್ಥ. ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಐದು ನಿಮಿಷ ಓಡಿಸಿ ನಿಲ್ಲಿಸುವ ಕಾರಿನ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಚಳಿಗಾಲದಲ್ಲಿ ಇಂಥ ಕಾರಿನ ಆಯಿಲ್ ಮುಚ್ಚಳ ತೆಗೆದರೆ ಒಳಗಡೆ ಬೆಣ್ಣೆ ಬಣ್ಣದ ನೊರೆ ಮೆತ್ತಿಕೊಂಡಿರುತ್ತದೆ. ಅದು ಈ ನೀರೇ.

ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ಸಮನೆ ಓಡಿಸಿ. ಎಂಜಿನ್‌ಗೆ ಅದಕ್ಕಿಂತ ಒಳ್ಳೆ ಉಪಕಾರ ಇಲ್ಲ.

ಕಾರು ಓಡಿಸುವುದೇ ಕಡಿಮೆ, ವರ್ಷಕ್ಕೆ 3,000 ಕಿ.ಮೀ. ಕೂಡ ಆಗಲ್ಲ. ಆದರೂ ಬದಲಿಸಬೇಕಾ?

ಹೌದು, ವರ್ಷಕ್ಕೊಮ್ಮೆ. ಕಡಿಮೆ ಓಡುವ ಕಾರು ಓಡುವುದೂ ಚಿಕ್ಕ ಚಿಕ್ಕ ದೂರವೇ ಆಗಿರುತ್ತದೆ. ಉರಿಯುವಾಗ ಹುಟ್ಟುವ ಆಮ್ಲವನ್ನು ತಣಿಸಲು ಆಯಿಲ್‌ನಲ್ಲಿ ಕ್ಷಾರದ ಅಂಶ ಸೇರಿಸಿರುತ್ತಾರೆ. ಅದು ಬಳಸುತ್ತಾ ಬಳಸುತ್ತಾ ಖರ್ಚಾಗುತ್ತದೆ. ಆಮೇಲೆ ನಿಂತ ಕಾರಿನಲ್ಲೂ ಆಮ್ಲ, ನೀರು ಎರಡೂ ಸೇರಿ ಬೇರಿಂಗ್‌ಗಳನ್ನು ತಿನ್ನುತ್ತವೆ. ಸೀಲ್ ಒಡೆಯದ ಡಬ್ಬಿಯಲ್ಲಿರುವ ಆಯಿಲ್ ಮಾತ್ರ ವರ್ಷಗಟ್ಟಲೆ ಹಾಗೇ ಇರುತ್ತದೆ.

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ತೆಗೆದರೆ ಆಯಿಲ್ ಕಪ್ಪಗಿದೆ. ಕೆಟ್ಟಿದೆ ಅಂತ ತಾನೆ?

ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಹಾಕಿ ಒಂದು ಸುತ್ತು ಹೋಗಿಬಂದರೆ ಸಾಕು, ಮಸಿಯ ಹಾಗೆ ಕಪ್ಪಾಗಿರುತ್ತದೆ. ಮಸಿಯನ್ನು ಎತ್ತಿ ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಆಯಿಲ್‌ನ ಕೆಲಸ. ಕಪ್ಪಾದರೆ ಕೆಲಸ ಮಾಡುತ್ತಿದೆ ಅಂತ ಅರ್ಥ.

ಬಣ್ಣ ಬಿಟ್ಟು ಬೇರೆ ಮೂರು ಗುರುತು ನೋಡಿ. ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ತರಿ ಸಿಗುತ್ತದಾ? ಪೆಟ್ರೋಲ್ ವಾಸನೆ ಗಾಢವಾಗಿ ಬರುತ್ತದಾ? ಕಾಫಿಗೆ ಹಾಲು ಬೆರೆಸಿದ ಹಾಗೆ ಕಾಣುತ್ತದಾ? ಡಿಪ್‌ಸ್ಟಿಕ್‌ನಲ್ಲೇ ಹಾಲಿನ ಬಣ್ಣ ಕಂಡರೆ, ಕೂಲಂಟ್ ಡಬ್ಬಿಯ ಮಟ್ಟವೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲಿನ ಭಾಗದ ಸಂದು ಮುಚ್ಚುವ ಪದರ) ಹೋಗಿ ಕೂಲಂಟ್ ಆಯಿಲ್‌ಗೆ ಸೇರುತ್ತಿರಬಹುದು. ಆಗ ಕಾರು ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್‌ನನ್ನು ಕರೆಸಿ.

ಬದಲಿಸುವ ದಿನ ಬಂದಾಗ ಕಾರೇ ಡ್ಯಾಶ್‌ಬೋರ್ಡಿನಲ್ಲಿ ಹೇಳುತ್ತದಲ್ಲ?

ಕೆಲವು ಕಾರುಗಳು ಎಂಜಿನ್ ತಿರುಗಿದ ಲೆಕ್ಕ, ಕಾದ ಲೆಕ್ಕ, ಸ್ಟಾರ್ಟ್ ಮಾಡಿದ ಲೆಕ್ಕ ಎಲ್ಲ ಕೂಡಿಸಿ ಆಯಿಲ್ ಎಷ್ಟು ಉಳಿದಿದೆ ಅಂತ ಶೇಕಡಾದಲ್ಲಿ ತೋರಿಸುತ್ತವೆ. ಇವನ್ನು ನಂಬಬಹುದು. ಇನ್ನು ಕೆಲವು ಸುಮ್ನೆ ಕಿಲೋಮೀಟರ್ ಮತ್ತು ತಿಂಗಳು ಎಣಿಸಿ ದೀಪ ಹಚ್ಚುತ್ತವೆ. ನಿಮ್ಮದು ಯಾವ ಥರದ್ದು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಆಯಿಲ್ ಬದಲಿಸಿದ ಮೇಲೆ ರಿಸೆಟ್ ಮಾಡಲು ಮರೆಯಬೇಡಿ. ಮರೆತರೆ ಅದು ಹಳೆ ಆಯಿಲ್‌ನ ಲೆಕ್ಕವನ್ನೇ ಮುಂದುವರಿಸುತ್ತದೆ.

5ಡಬ್ಲ್ಯೂ-30 ಅಂದರೆ ಏನು?

ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ತೆಳ್ಳಗಿರುತ್ತದೆ ಅನ್ನುವುದಕ್ಕೆ. ಎಸ್‌ಎಇ (ವಾಹನ ಎಂಜಿನಿಯರ್‌ಗಳ ಸಂಘ) ನಿಯಮದ ಪ್ರಕಾರ 0ಡಬ್ಲ್ಯೂ ಆಯಿಲನ್ನು ಮೈನಸ್ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರೀಕ್ಷೆ ಮಾಡುತ್ತಾರೆ, 5ಡಬ್ಲ್ಯೂ ಆಯಿಲನ್ನು ಮೈನಸ್ 30ರಲ್ಲಿ, 10ಡಬ್ಲ್ಯೂ ಆಯಿಲನ್ನು ಮೈನಸ್ 25ರಲ್ಲಿ. ಆ ಚಳಿಯಲ್ಲೂ ಎಂಜಿನ್ ತಿರುಗುವಷ್ಟು ಅದು ತೆಳ್ಳಗೆ ಇರಬೇಕು. ಎರಡನೇ ಅಂಕಿ 100 ಡಿಗ್ರಿಯಲ್ಲಿ, ಅಂದರೆ ಎಂಜಿನ್ ಪೂರ್ತಿ ಕಾದಾಗ, ಆಯಿಲ್ ಎಷ್ಟು ಗಟ್ಟಿ ಅನ್ನುವುದಕ್ಕೆ. 40 ಅನ್ನುವುದು 30ಕ್ಕಿಂತ ಗಟ್ಟಿ.

ನಮ್ಮ ಕಡೆ ಅಷ್ಟು ಚಳಿಯೇ ಇಲ್ಲ, ಮೊದಲ ಅಂಕಿ ಎಷ್ಟಿದ್ದರೇನು ಅಂತ ಕೇಳುವವರಿದ್ದಾರೆ. ಎಂಜಿನ್ ದೃಷ್ಟಿಯಲ್ಲಿ 25 ಡಿಗ್ರಿಯ ಬೆಳಗ್ಗೆ ಕೂಡ ತಣ್ಣಗಿನ ಬೆಳಗ್ಗೆಯೇ. ಯಾವ ಆಯಿಲ್ ಆದರೂ 100 ಡಿಗ್ರಿಯಲ್ಲಿ ಇರುವುದಕ್ಕಿಂತ ಆಗ ಎಷ್ಟೋ ಪಟ್ಟು ಗಟ್ಟಿ ಇರುತ್ತದೆ. ಸ್ಟಾರ್ಟ್ ಆದ ಕ್ಷಣದಲ್ಲಿ ಆಯಿಲ್ ಬೇಗ ಮೇಲಕ್ಕೆ ಹರಿದು ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಸುವ ದಂಡ) ಮುಟ್ಟಬೇಕು. ತೆಳ್ಳಗಿನದು ಬೇಗ ಮುಟ್ಟುತ್ತದೆ.

ಎಂಜಿನ್ ಹಳೆಯದಾಗಿದೆ. ಸ್ವಲ್ಪ ಗಟ್ಟಿ ಆಯಿಲ್ ಹಾಕಿದರೆ ಒಳ್ಳೆಯದಲ್ವಾ?

ಮ್ಯಾನ್ಯುಯಲ್‌ನಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಅದರೊಳಗೆ ಗಟ್ಟಿಯದನ್ನು ಆರಿಸಿಕೊಳ್ಳಬಹುದು. ಆಯಿಲ್ ತಿನ್ನುವ ಹಳೆ ಎಂಜಿನ್‌ಗೆ ಅದರಿಂದ ಸ್ವಲ್ಪ ಅನುಕೂಲ ಆಗುತ್ತದೆ. ಪಟ್ಟಿಯ ಹೊರಗೆ ಹೋಗಬೇಡಿ. ಈಗಿನ ಎಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ ಬದಲಿಸುವ ಭಾಗಗಳು ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತವೆ. ಆಯಿಲ್ ದಾರಿಗಳೂ ಸಣ್ಣ. 0ಡಬ್ಲ್ಯೂ-20 ಕೇಳುವ ಎಂಜಿನ್‌ಗೆ 20ಡಬ್ಲ್ಯೂ-50 ಹಾಕಿದರೆ ಅವು ತಡವರಿಸುತ್ತವೆ, ಮೈಲೇಜೂ ಇಳಿಯುತ್ತದೆ.

ಗ್ರೇಡ್ ಸರಿ ಇದ್ದರೆ ಸಾಕಲ್ಲ? ಡಬ್ಬಿಯ ಮೇಲಿನ ಉಳಿದ ಅಕ್ಷರಗಳನ್ನು ಯಾಕೆ ನೋಡಬೇಕು?

ಸಾಲದು. ಜನ ಎಡವುವುದು ಇಲ್ಲೇ. 5ಡಬ್ಲ್ಯೂ-30 ಅಂತ ಬರೆದ ಎರಡು ಡಬ್ಬಿಗಳ ಒಳಗಿನ ರಸಾಯನ ಬೇರೆ ಬೇರೆ ಇರಬಹುದು.

ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಕೊಡುವ ಗುಣಮಟ್ಟದ ಅಕ್ಷರಗಳಲ್ಲಿ ಎಸ್‌ನಿಂದ ಶುರುವಾದವು ಪೆಟ್ರೋಲ್‌ಗೆ, ಸಿಯಿಂದ ಶುರುವಾದವು ಡೀಸೆಲ್‌ಗೆ. ಪೆಟ್ರೋಲ್‌ನಲ್ಲಿ ಎಸ್‌ಎನ್ 2010ರಲ್ಲಿ ಬಂತು, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಚಿಕ್ಕ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲೇ ಪೆಟ್ರೋಲ್ ಹೊತ್ತಿಗೆ ಮುಂಚೆ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆ ಇತ್ತು. ಎಸ್‌ಪಿ ಬರಲು ಅದೂ ಒಂದು ಮುಖ್ಯ ಕಾರಣ. ಪೆಟ್ರೋಲ್ ಕಾರಿನ ಮ್ಯಾನ್ಯುಯಲ್ ಎಸ್‌ಎನ್ ಅಂದಿದ್ದರೆ ಎಸ್‌ಪಿ ಧಾರಾಳವಾಗಿ ಹಾಕಬಹುದು. ಎಸ್‌ಪಿ ಕೇಳಿದ ಕಾರಿಗೆ ಹಳೆಯ ಎಸ್‌ಎಲ್ ಹಾಕಬಾರದು.

ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಡೀಸೆಲ್ ಕಾರಿಗೆ ಬೂದಿ ಕಡಿಮೆ ಬರುವ ಆಯಿಲ್ ಬೇಕು. ಯುರೋಪಿನ ಕಾರು ತಯಾರಕರ ಸಂಘವಾದ ಎಸಿಇಎ ಪಟ್ಟಿಯಲ್ಲಿ ಸಿ2, ಸಿ3 ಅಂತ ಸಿ ಗುಂಪಿನವು ಇವೇ. ತಪ್ಪು ಆಯಿಲ್ ಹಾಕಿದರೆ ಆ ಬೂದಿ ಫಿಲ್ಟರ್‌ನಲ್ಲಿ ಕೂತುಕೊಳ್ಳುತ್ತದೆ. ಮಸಿಯ ಹಾಗೆ ಅದನ್ನು ಸುಟ್ಟು ತೆಗೆಯಲು ಆಗುವುದಿಲ್ಲ. ಕೆಲವು ಕಂಪನಿಗಳು ತಮ್ಮದೇ ನಂಬರ್ ಕೊಡುತ್ತವೆ: ಫೋಕ್ಸ್‌ವ್ಯಾಗನ್ 504 00, ಮರ್ಸಿಡಿಸ್ 229.51 ಈ ಥರ. ಮ್ಯಾನ್ಯುಯಲ್‌ನಲ್ಲಿ ಇಂಥ ನಂಬರ್ ಇದ್ದರೆ ಡಬ್ಬಿಯ ಹಿಂದೆಯೂ ಅದೇ ನಂಬರ್ ಇರಲೇಬೇಕು. ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡುವ ಎಂಜಿನ್‌ಗಳಲ್ಲಂತೂ ತಪ್ಪು ಆಯಿಲ್ ಬೆಲ್ಟನ್ನೇ ಕೆಡಿಸುತ್ತದೆ. ಬೆಲ್ಟಿನ ಪುಡಿ ಹೋಗಿ ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತದೆ.

ಸಿಂಥೆಟಿಕ್‌ಗೇ ಹೋಗಬೇಕಾ? ಮಿನರಲ್‌ನಿಂದ ಬದಲಾಯಿಸಿದರೆ ತೊಂದರೆ ಆಗುತ್ತದಾ?

ಮ್ಯಾನ್ಯುಯಲ್ ಕೇಳಿದ್ದರೆ ಹೋಗಲೇಬೇಕು. ಕೇಳದಿದ್ದರೂ ಹೋದರೆ ಒಳ್ಳೆಯದು. ಮಿನರಲ್ ಅಂದರೆ ಕಚ್ಚಾ ತೈಲ ಸಂಸ್ಕರಿಸಿ ತೆಗೆದ ಸಾದಾ ಆಯಿಲ್, ಸಿಂಥೆಟಿಕ್ ಅಂದರೆ ರಾಸಾಯನಿಕವಾಗಿ ತಯಾರಿಸಿದ್ದು. ಸಿಂಥೆಟಿಕ್ ಶಾಖಕ್ಕೆ ಬೇಗ ಕೆಡುವುದಿಲ್ಲ, ಚಳಿಯಲ್ಲಿ ಬೇಗ ಹರಿಯುತ್ತದೆ. ಒಮ್ಮೆ ಸಿಂಥೆಟಿಕ್ ಹಾಕಿದರೆ ವಾಪಸ್ ಬರಲು ಆಗುವುದಿಲ್ಲ ಅನ್ನುವುದು ಸುಳ್ಳು. ಎರಡೂ ಒಂದರಲ್ಲೊಂದು ಬೆರೆಯುತ್ತವೆ. ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಬೇರೆ ಬ್ರ್ಯಾಂಡ್ ಮಾತ್ರ ಸಿಕ್ಕರೆ ಅದನ್ನೇ ಹಾಕಿ. ಕಡಿಮೆ ಆಯಿಲ್‌ನಲ್ಲಿ ಓಡಿಸುವುದಕ್ಕಿಂತ ಅದು ಸಾವಿರ ಪಾಲು ವಾಸಿ.

ಕೆಲಸಕ್ಕೆ ಏನೇನು ಬೇಕು?

ಸರಿಯಾದ ಆಯಿಲ್ (ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 3ರಿಂದ 4 ಲೀಟರ್), ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ (ಹಳೆ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್) ಹೊಸ ವಾಷರ್, ಬೋಲ್ಟಿಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್, ಫಿಲ್ಟರ್ ಬಿಚ್ಚುವ ಸಾಧನ, ಹಳೆ ಆಯಿಲ್ ಪೂರ್ತಿ ಹಿಡಿಸುವ ಅಗಲ ತಟ್ಟೆ, ಆಲಿಕೆ, ಹಳೆ ಬಟ್ಟೆ, ನೈಟ್ರೈಲ್ ಕೈಗವಸು. ಕಾರು ಎತ್ತಬೇಕಾದರೆ ಜಾಕಿ, ಎರಡು ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡುವ ದಿಮ್ಮಿ. ಕೈಗವಸು ಬೇಡ ಅಂತ ಬಿಡಬೇಡಿ. ಹಳೆ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳು ಇರುತ್ತವೆ. ಪದೇ ಪದೇ ಚರ್ಮಕ್ಕೆ ತಾಗುವುದು ಒಳ್ಳೆಯದಲ್ಲ.

ಜಾಕಿ ಹಾಕಿದ್ದೇನೆ. ಐದು ನಿಮಿಷದ ಕೆಲಸ. ಸ್ಟ್ಯಾಂಡ್ ಬೇಕೇ ಬೇಕಾ?

ಬೇಕೇ ಬೇಕು. ಜಾಕಿ ಇರುವುದು ಕಾರು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಹೈಡ್ರಾಲಿಕ್ ಜಾಕಿಯ ಒಳಗಿನ ಒಂದು ಚಿಕ್ಕ ಸೀಲ್ ಸೋರಿದರೂ ಕಾರು ಇಳಿಯುತ್ತದೆ. ಕಾರಿನ ಜೊತೆ ಬರುವ ಕತ್ತರಿ ಜಾಕಿ ಪಕ್ಕಕ್ಕೆ ವಾಲಿ ಜಾರುತ್ತದೆ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಿ ಜನ ಸತ್ತಿದ್ದಾರೆ. ಇದರಲ್ಲಿ ನನಗೆ ಯಾವ ರಾಜಿಯೂ ಇಲ್ಲ.

ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರಿನಲ್ಲಿ ಬಿಡಿ (ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ). ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಮ್ಯಾನ್ಯುಯಲ್ ತೋರಿಸಿದ ಜಾಗದಲ್ಲೇ ಜಾಕಿ ಕೊಡಿ, ಎತ್ತಿ, ಸ್ಟ್ಯಾಂಡ್ ಮೇಲೆ ಇಳಿಸಿ. ಕೆಳಗೆ ಹೋಗುವ ಮುಂಚೆ ಕಾರನ್ನು ಪಕ್ಕದಿಂದ ಚೆನ್ನಾಗಿ ತಳ್ಳಿ ನೋಡಿ. ಅಲ್ಲಾಡಿದರೆ ಇಳಿಸಿ ಮತ್ತೆ ಶುರು ಮಾಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬಳಸಬೇಡಿ, ಅವು ಒಮ್ಮೆಲೇ ಒಡೆಯುತ್ತವೆ. ನೆಲದಿಂದ ಎತ್ತರ ಇರುವ ಕಾರುಗಳಿಗೆ ಎಷ್ಟೋ ಸಲ ಎತ್ತುವ ಅಗತ್ಯವೇ ಬರುವುದಿಲ್ಲ.

ಎಂಜಿನ್ ಬಿಸಿ ಇರಬೇಕಾ, ತಣ್ಣಗಿರಬೇಕಾ?

ಉಗುರುಬೆಚ್ಚಗೆ. ಐದು ನಿಮಿಷ ಓಡಿಸಿ ನಿಲ್ಲಿಸಿ, ಒಂದು ಹತ್ತು ನಿಮಿಷ ಬಿಡಿ. ಬೆಚ್ಚಗಿದ್ದರೆ ಆಯಿಲ್ ಸಲೀಸಾಗಿ ಹರಿಯುತ್ತದೆ, ಕೊಳೆಯೂ ಜೊತೆಗೆ ಇಳಿಯುತ್ತದೆ. ದೂರದ ಪ್ರಯಾಣ ಮುಗಿಸಿ ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ.

ಕೆಲಸ ಶುರುವಿನಿಂದ ಕೊನೆವರೆಗೆ ಹೇಗೆ?

ಬಾನೆಟ್ ಎತ್ತಿ ಆಯಿಲ್ ಮುಚ್ಚಳ ತೆಗೆದು ಮೇಲೆ ಇಡಿ. ಗಾಳಿ ಆಡಿದರೆ ಆಯಿಲ್ ಬೇಗ ಇಳಿಯುತ್ತದೆ. ಎಂಜಿನ್ ಕೆಳಗೆ ಪ್ಲಾಸ್ಟಿಕ್ ಹೊದಿಕೆ ಅಡ್ಡ ಇದ್ದರೆ ಬಿಚ್ಚಿ, ಅದರ ಕ್ಲಿಪ್‌ಗಳನ್ನು ಒಂದು ಬಟ್ಟಲಲ್ಲಿ ಹಾಕಿಡಿ.

ಈಗ ಡ್ರೈನ್ ಬೋಲ್ಟ್ ಹುಡುಕಬೇಕು. ಇಲ್ಲಿ ನಿಧಾನಿಸಿ. ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಚೇಂಬರಿಗೆ ಒಂದು ಬೋಲ್ಟ್ ಇರುತ್ತದೆ, ಪಕ್ಕದ ಗೇರ್‌ಬಾಕ್ಸಿಗೂ ಒಂದು ಇರುತ್ತದೆ. ಕೆಲವು ಕಾರುಗಳಲ್ಲಿ ಎರಡೂ ನೋಡಲು ಒಂದೇ ಥರ. ತಪ್ಪಾಗಿ ಗೇರ್‌ಬಾಕ್ಸ್ ಆಯಿಲ್ ಇಳಿಸಿ, ಎಂಜಿನ್‌ಗೆ ಹೊಸದನ್ನು ಮತ್ತೆ ತುಂಬಿದವರು ಇದ್ದಾರೆ. ಆಗ ಎಂಜಿನ್‌ನಲ್ಲಿ ಎರಡರಷ್ಟು ಆಯಿಲ್, ಗೇರ್‌ಬಾಕ್ಸ್ ಖಾಲಿ. ಆಯಿಲ್ ಫಿಲ್ಟರ್ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ, ಅದು ಎಂಜಿನ್ ಯಾವುದು ಅಂತ ಗುರುತು ಹೇಳುತ್ತದೆ. ಮ್ಯಾನ್ಯುಯಲ್ ಚಿತ್ರದೊಂದಿಗೆ ಹೋಲಿಸಿ. ಬಿಚ್ಚಿದ ಮೇಲೆ ಬಂದದ್ದು ಕೆಂಪಗೋ ಹಸಿರಾಗಿಯೋ ತಿಳಿಯಾಗಿಯೋ ಇದ್ದರೆ ತಕ್ಷಣ ಮುಚ್ಚಿ, ನೀವು ತಪ್ಪು ಬೋಲ್ಟ್ ಬಿಚ್ಚಿದ್ದೀರಿ.

ಬೋಲ್ಟಿನ ತಲೆ ನಿಮ್ಮ ಕಡೆ ಇದೆ ಅಂದುಕೊಂಡು ನೋಡಿ: ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಚ್ಚುತ್ತದೆ. ಕೆಳಗೆ ಮಲಗಿದಾಗ ದಿಕ್ಕು ತಿಳಿಯದೆ ಮತ್ತಷ್ಟು ಬಿಗಿ ಮಾಡಿಬಿಡುವುದು ಸುಲಭ. ಸ್ಪ್ಯಾನರ್‌ನಿಂದ ಸಡಿಲ ಮಾಡಿ, ಆಮೇಲೆ ಕೈಯಿಂದ, ಬೋಲ್ಟನ್ನು ಒಳಗಡೆ ಒತ್ತಿಕೊಂಡೇ ತಿರುಗಿಸುತ್ತಾ ಬನ್ನಿ. ಕೊನೆಯ ಸುತ್ತು ಆಯಿತು ಅನಿಸಿದಾಗ ಥಟ್ಟನೆ ಪಕ್ಕಕ್ಕೆ ಎಳೆಯಿರಿ. ಮೊದಲ ಧಾರೆ ಸ್ವಲ್ಪ ದೂರಕ್ಕೆ ಹಾರುತ್ತದೆ, ಆಮೇಲೆ ಹತ್ತಿರಕ್ಕೆ ಬರುತ್ತದೆ. ತಟ್ಟೆಯನ್ನು ಅದಕ್ಕೆ ತಕ್ಕ ಹಾಗೆ ಸರಿಸಿ. ಹತ್ತು ಹದಿನೈದು ನಿಮಿಷ ತೊಟ್ಟಿಕ್ಕಲು ಬಿಡಿ.

ಹೊಸ ವಾಷರ್ ಹಾಕಿ ಬೋಲ್ಟ್ ಕಟ್ಟಿ. ಫಿಲ್ಟರ್ ಬದಲಿಸಿ. ಕಾರನ್ನು ಇಳಿಸಿ. ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಆಯಿಲ್ ಸುರಿಯಿರಿ, ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ. ಖಾಲಿ ಫಿಲ್ಟರ್ ತುಂಬುವವರೆಗೆ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಎರಡು ಮೂರು ಸೆಕೆಂಡ್ ಇದ್ದು ಆರುತ್ತದೆ. ಹತ್ತು ಸೆಕೆಂಡ್ ಆದರೂ ಆರದಿದ್ದರೆ ನಿಲ್ಲಿಸಿ. ಆಕ್ಸಿಲರೇಟರ್ ಒತ್ತಬೇಡಿ. ಒಂದು ನಿಮಿಷ ಓಡಲು ಬಿಟ್ಟು, ಬೋಲ್ಟ್ ಮತ್ತು ಫಿಲ್ಟರ್ ಹತ್ತಿರ ಸೋರುತ್ತಿದೆಯಾ ಅಂತ ಟಾರ್ಚ್ ಹಾಕಿ ಬಗ್ಗಿ ನೋಡಿ. ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಬೇಕಾದಷ್ಟು ಸೇರಿಸಿ. ತಾರೀಖು, ಕಿಲೋಮೀಟರ್, ಯಾವ ಆಯಿಲ್ ಅಂತ ಒಂದು ಕಡೆ ಬರೆದಿಡಿ.

ಡ್ರೈನ್ ಬೋಲ್ಟ್ ಎಷ್ಟು ಬಿಗಿ ಮಾಡಬೇಕು?

ಬಹಳಷ್ಟು ಕಾರುಗಳಿಗೆ 25ರಿಂದ 40 ನ್ಯೂಟನ್ ಮೀಟರ್. ನಿಮ್ಮ ಕಾರಿನದು ಮ್ಯಾನ್ಯುಯಲ್‌ನಲ್ಲೋ ಸರ್ವಿಸ್ ಪುಸ್ತಕದಲ್ಲೋ ಇರುತ್ತದೆ. ಟಾರ್ಕ್ ರೆಂಚ್ ಇದ್ದರೆ ಚೆನ್ನ. ಇಲ್ಲದಿದ್ದರೆ ಮಾಮೂಲಿ ಉದ್ದದ ಸ್ಪ್ಯಾನರ್ ಹಿಡಿದು, ವಾಷರ್ ಅಮುಕಿತು ಅಂತ ಕೈಗೆ ತಿಳಿಯುವಷ್ಟು, ಅದರ ಮೇಲೆ ಸ್ವಲ್ಪ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆಯುವುದು ಬೇಡವೇ ಬೇಡ.

ಇದರಲ್ಲಿ ನನಗೆ ಪಾಠ ಆದದ್ದು ಹೀಗೆ. ಒಮ್ಮೆ ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲು ಮಾಡಿಸಿದ್ದೆ. ಮುಂದಿನ ಸಲ ನಾನೇ ಬಿಚ್ಚಲು ಹೋದರೆ ಬೋಲ್ಟ್ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಬಂತು, ಆದರೆ ಅದರ ಜೊತೆ ಚೇಂಬರಿನ ಅಲ್ಯೂಮಿನಿಯಂ ಥ್ರೆಡ್ ಕೂಡ ಸುರುಳಿ ಸುರುಳಿಯಾಗಿ ಬಂತು. ಸೋರಬಾರದು ಅಂತ ಯಾರೋ ಬಲ ಬಿಟ್ಟು ಬಿಗಿ ಮಾಡಿದ್ದರು. ಥ್ರೆಡ್ ಕೊರೆದು ಒಳಗೆ ಹೊಸ ಸುರುಳಿ ಕೂರಿಸಿ ರಿಪೇರಿ ಮಾಡಬೇಕಾಯಿತು. ಸೋರದಂತೆ ತಡೆಯುವುದು ವಾಷರ್. ತಾಮ್ರದ್ದೋ ಅಲ್ಯೂಮಿನಿಯಂದೋ ಆ ಮೆತ್ತನೆ ವಾಷರ್ ಅಮುಕಿಕೊಂಡು ಸಂದು ಮುಚ್ಚುತ್ತದೆ. ಒಮ್ಮೆ ಅಮುಕಿದ್ದು ಮತ್ತೆ ಸರಿಯಾಗಿ ಕೂರುವುದಿಲ್ಲ, ಆಗ ಜನ ಬಲ ಹಾಕುತ್ತಾರೆ. ಪ್ರತಿ ಸಲ ಹೊಸ ವಾಷರ್ ಹಾಕಿದರೆ ಬಲ ಹಾಕುವ ಪ್ರಸಂಗವೇ ಬರುವುದಿಲ್ಲ.

ಕಟ್ಟುವಾಗ ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಾರದಿದ್ದರೆ ಥ್ರೆಡ್ ಅಡ್ಡ ಹಿಡಿದಿದೆ, ಬಿಚ್ಚಿ ಮತ್ತೆ ಇಡಿ.

ಫಿಲ್ಟರ್ ಪ್ರತಿ ಸಲ ಬದಲಿಸಬೇಕಾ?

ಬದಲಿಸಿ. ಹಳೆ ಫಿಲ್ಟರ್ ಒಳಗೆ ಕೊಳೆ ಆಯಿಲ್ ಉಳಿದಿರುತ್ತದೆ, ಅದು ಹೊಸದಕ್ಕೆ ಸೇರುತ್ತದೆ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಎಂಜಿನ್ ಒಣಗಬಾರದು ಅಂತ ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ. ಆಮೇಲೆ ಓಡುವುದು ಸೋಸದ ಆಯಿಲ್. ಕಾರುಗಳಿಗೆ ಆಯಿಲ್ ಫಿಲ್ಟರ್ ಕೊಟ್ಟ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ 1923ರಲ್ಲಿ ಅದಕ್ಕೆ ಪ್ಯೂರೋಲೇಟರ್ ಅಂತ ಹೆಸರಿಟ್ಟರು. ‘ಪ್ಯೂರ್ ಆಯಿಲ್ ಲೇಟರ್’, ಅಂದರೆ ಆಮೇಲೆ ಶುದ್ಧ ಆಯಿಲ್, ಅನ್ನುವುದನ್ನು ಚುಟುಕು ಮಾಡಿದ ಹೆಸರು ಅದು.

ಹಾಕುವಾಗ ಎರಡು ಎಚ್ಚರ. ಹಳೆ ಫಿಲ್ಟರ್‌ನ ರಬ್ಬರ್ ರಿಂಗ್ ಅದರ ಜೊತೆಗೇ ಬಂತಾ ಅಂತ ನೋಡಿ. ಕೆಲವೊಮ್ಮೆ ಅದು ಎಂಜಿನ್‌ಗೆ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕಟ್ಟಿದರೆ ಎರಡು ರಬ್ಬರ್ ಜಾರಿ, ಓಡುವಾಗ ಆಯಿಲ್ ಪೂರ್ತಿ ಹೊರಗೆ ಚೆಲ್ಲುತ್ತದೆ. ಎರಡನೆಯದು, ಹೊಸ ರಬ್ಬರಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ. ರಬ್ಬರ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಸಾಕು. ಫಿಲ್ಟರ್ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದರಂತೆ ಮಾಡಿ. ಕಾಗದದ ಕಾರ್ಟ್ರಿಜ್ ಥರದ್ದಾದರೆ ಜೊತೆಗೆ ಬಂದ ಹೊಸ ಒ-ರಿಂಗ್‌ಗಳನ್ನೂ ಬದಲಿಸಿ.

ಆಯಿಲ್ ಜಾಸ್ತಿ ಹಾಕಿಬಿಟ್ಟೆ. ಏನಾಗುತ್ತದೆ?

ಮೇಲಿನ ಗೆರೆಗಿಂತ ಒಂದೆರಡು ಮಿಲಿಮೀಟರ್ ಜಾಸ್ತಿ ಇದ್ದರೆ ಏನೂ ಆಗುವುದಿಲ್ಲ. ಅರ್ಧ ಲೀಟರ್, ಒಂದು ಲೀಟರ್ ಜಾಸ್ತಿ ಆದರೆ ಎಂಜಿನ್ ತಳದಲ್ಲಿ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲ್‌ಗೆ ಬಡಿದು ಮಜ್ಜಿಗೆ ಕಡೆದ ಹಾಗೆ ನೊರೆ ಎಬ್ಬಿಸುತ್ತದೆ. ಪಂಪ್ ಗಾಳಿ ತುಂಬಿದ ಆಯಿಲ್ ಕಳಿಸುತ್ತದೆ, ಬೇರಿಂಗ್‌ಗೆ ಸಾಲದು. ಓಡಿಸುವ ಮುಂಚೆ ಹೆಚ್ಚಾದದ್ದನ್ನು ಡ್ರೈನ್ ಬೋಲ್ಟಿನಿಂದಲೋ, ಡಿಪ್‌ಸ್ಟಿಕ್ ಕೊಳವೆಯಿಂದ ಪಂಪ್ ಹಾಕಿಯೋ ತೆಗೆಯಿರಿ. ಎಷ್ಟೋ ಕಾರುಗಳಲ್ಲಿ ಡಿಪ್‌ಸ್ಟಿಕ್‌ನ ಎರಡು ಗೆರೆಗಳ ನಡುವೆ ಸುಮಾರು ಒಂದು ಲೀಟರ್ ಇರುತ್ತದೆ. ಆ ಅಳತೆ ನೆನಪಿದ್ದರೆ ಎಷ್ಟು ಸೇರಿಸಬೇಕು ಅನ್ನುವುದು ತಪ್ಪುವುದಿಲ್ಲ.

ಯಾರೂ ಸೇರಿಸದೆ ಆಯಿಲ್ ಮಟ್ಟ ತಾನಾಗೇ ಏರಿದೆ. ಹೇಗೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಮಾನ್ಯವಾಗಿ ಪೆಟ್ರೋಲ್ ಅಥವಾ ಡೀಸೆಲ್ ಆಯಿಲ್‌ಗೆ ಇಳಿಯುತ್ತಿರುತ್ತದೆ. ಡಿಪಿಎಫ್ ಇರುವ ಡೀಸೆಲ್ ಕಾರು ಮಸಿ ಸುಡಲು ಹೆಚ್ಚು ಡೀಸೆಲ್ ಬಿಡುತ್ತದೆ. ಅದು ಮುಗಿಯುವ ಮುಂಚೆ ಪದೇ ಪದೇ ಎಂಜಿನ್ ಆಫ್ ಮಾಡಿದರೆ ಹೀಗಾಗುತ್ತದೆ. ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಚಿಕ್ಕ ಓಡಾಟದಿಂದ ಆಗುತ್ತದೆ. ಆಯಿಲ್ ತೆಳುವಾಗಿದೆ. ಕಿಲೋಮೀಟರ್ ಎಷ್ಟೇ ಆಗಿರಲಿ, ಬದಲಿಸಿ.

ಆಯಿಲ್ ಮಧ್ಯದಲ್ಲಿ ಕಡಿಮೆ ಆಗುತ್ತಿದೆ. ಎಂಜಿನ್ ಹೋಯಿತಾ?

ಎಲ್ಲ ಎಂಜಿನ್‌ಗಳೂ ಸ್ವಲ್ಪ ಆಯಿಲ್ ತಿನ್ನುತ್ತವೆ. ಎಷ್ಟು ತಿನ್ನುತ್ತದೆ ಅಂತ ಅಳೆದು ಗೊತ್ತಿರುವುದು ಮುಖ್ಯ. 1,000 ಕಿ.ಮೀ.ಗೊಮ್ಮೆ, ದೂರದ ಪ್ರಯಾಣಕ್ಕೆ ಮುಂಚೆ ಒಮ್ಮೆ ಡಿಪ್‌ಸ್ಟಿಕ್ ನೋಡಿ. ಸಮತಟ್ಟು ಜಾಗ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷ, ಒರೆಸಿ ಮತ್ತೆ ಅದ್ದಿ ತೆಗೆದು ನೋಡುವುದು. ಒಂದು ನಿಮಿಷದ ಕೆಲಸ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವವರು ಕೂಡ ಇದನ್ನು ಮಾಡುವುದಿಲ್ಲ, ಆದರೆ ಎಂಜಿನ್ ಹಾಳಾಗುವುದು ಹಳೆ ಆಯಿಲ್‌ಗಿಂತ ಇಲ್ಲದ ಆಯಿಲ್‌ನಿಂದ. ತಿನ್ನುವುದು ಇದ್ದಕ್ಕಿದ್ದಂತೆ ಜಾಸ್ತಿಯಾದರೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೆ ತೋರಿಸಿ.

ಓಡಿಸುವಾಗ ಕೆಂಪು ಆಯಿಲ್ ದೀಪ ಹೊತ್ತಿತು. ಮನೆ ಹತ್ತಿರವೇ ಇದೆ. ಹೋಗಬಹುದಾ?

ಬೇಡ. ಕೆಂಪು ದೀಪ ಅಂದರೆ ಆಯಿಲ್ ಒತ್ತಡ ಅಪಾಯದ ಮಟ್ಟಕ್ಕೆ ಇಳಿದಿದೆ ಅಂತ. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಮಟ್ಟ ನೋಡಿ. ಮಟ್ಟ ಸರಿ ಇದ್ದೂ ದೀಪ ಹೊತ್ತುತ್ತಿದ್ದರೆ ಎಳೆಸಿಕೊಂಡು ಹೋಗಿ. ಹಳದಿ ದೀಪ ಹೆಚ್ಚಿನ ಕಾರುಗಳಲ್ಲಿ ಮಟ್ಟ ಇಳಿದದ್ದಕ್ಕೆ. ಆದಷ್ಟು ಬೇಗ ಸೇರಿಸಿ.

ಎಂಜಿನ್ ಫ್ಲಶ್, ಬಾಟಲಿ ಅಡಿಟಿವ್ ಹಾಕಿಸಬೇಕಾ?

ಬೇಡ. ಒಳ್ಳೆ ಆಯಿಲ್‌ನಲ್ಲಿ ತೊಳೆಯುವ ಅಂಶ, ಸವೆತ ತಡೆಯುವ ಅಂಶ ಎಲ್ಲ ಅಳತೆ ನೋಡಿಯೇ ಸೇರಿಸಿರುತ್ತಾರೆ. ಬಹಳ ವರ್ಷ ಆಯಿಲ್ ಬದಲಿಸದ ಎಂಜಿನ್‌ಗೆ ಫ್ಲಶ್ ಹಾಕಿದರೆ ಗಟ್ಟಿ ಕೊಳೆ ಒಮ್ಮೆಲೇ ಕಿತ್ತು ಬಂದು ಪಂಪಿನ ಜಾಲರಿ ಮುಚ್ಚಬಹುದು. ಅಂಥ ಎಂಜಿನ್‌ಗೆ ಒಳ್ಳೆ ಆಯಿಲ್ ಹಾಕಿ, 2,000 ಕಿ.ಮೀ.ಗೆ ಒಮ್ಮೆಯಂತೆ ಎರಡು ಮೂರು ಸಲ ಬದಲಿಸಿ. ನಿಧಾನವಾಗಿ ತಾನೇ ಶುಚಿಯಾಗುತ್ತದೆ.

ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಿಗೆ?

ಎಲೆಕ್ಟ್ರಿಕ್‌ಗೆ ಎಂಜಿನ್ ಆಯಿಲ್ ಇಲ್ಲ. ಹೈಬ್ರಿಡ್‌ಗೆ ಬೇಕು. ಅದರ ಎಂಜಿನ್ ಆಗಾಗ ನಿಂತು ತಣ್ಣಗಾಗುವುದರಿಂದ ವರ್ಷದ ಲೆಕ್ಕ ತಪ್ಪಿಸಬೇಡಿ.

ನಾನೇ ಬದಲಿಸಿದರೆ ವಾರಂಟಿ ಹೋಗುತ್ತದಾ?

ಇದು ದೇಶದಿಂದ ದೇಶಕ್ಕೆ, ಕಂಪನಿಯಿಂದ ಕಂಪನಿಗೆ ಬೇರೆ. ವಾರಂಟಿ ಪುಸ್ತಕ ಓದಿ, ಅದರ ಷರತ್ತು ನೋಡಿ ನಿರ್ಧರಿಸಿ. ಆಯಿಲ್, ಫಿಲ್ಟರ್‌ನ ಬಿಲ್ ಮತ್ತು ಬದಲಿಸಿದ ದಿನದ ಮೀಟರಿನ ಫೋಟೊ ಮಾತ್ರ ತಪ್ಪದೆ ಇಟ್ಟುಕೊಳ್ಳಿ.

ಹಳೆ ಆಯಿಲ್ ಏನು ಮಾಡಲಿ?

ಚರಂಡಿಗೆ, ಮಣ್ಣಿಗೆ, ಕಸದ ತೊಟ್ಟಿಗೆ ಯಾವತ್ತೂ ಹಾಕಬೇಡಿ. ಸುಡಬೇಡಿ. ಒಂದು ಸಲದ ಆಯಿಲ್ ಚೇಂಜ್‌ನಲ್ಲಿ ಬಂದ ಹಳೆ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಕೆಲಸವನ್ನು ನಾವೇ ಕೈಗೆತ್ತಿಕೊಂಡ ಮೇಲೆ ಇದರ ಹೊಣೆಯೂ ನಮ್ಮದೇ.

ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ಸುರಿದು ಬಿಗಿ ಮುಚ್ಚಳ ಹಾಕಿ, ‘ಹಳೆ ಆಯಿಲ್’ ಅಂತ ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕೂಲಂಟ್, ಪೆಟ್ರೋಲ್, ಬ್ರೇಕ್ ಆಯಿಲ್ ಅದಕ್ಕೆ ಬೆರೆಸಬೇಡಿ. ಬೆರೆತ ಆಯಿಲನ್ನು ಮತ್ತೆ ಶುದ್ಧ ಮಾಡುವುದು ಕಷ್ಟ, ಯಾರೂ ತೆಗೆದುಕೊಳ್ಳುವುದಿಲ್ಲ. ಬೆರೆಯದ ಹಳೆ ಆಯಿಲನ್ನು ಶುದ್ಧ ಮಾಡಿ ಮತ್ತೆ ಎಂಜಿನ್ ಆಯಿಲ್ ಆಗಿಯೇ ಬಳಸಬಹುದು. ಅದನ್ನು ಸಂಗ್ರಹಿಸುವ ಗ್ಯಾರೇಜ್, ಬಿಡಿಭಾಗದ ಅಂಗಡಿ ಅಥವಾ ಸ್ಥಳೀಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಬೋಲ್ಟ್ ಬಿಚ್ಚುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. ಹಳೆ ಫಿಲ್ಟರನ್ನು ಬಾಯಿ ಕೆಳಗೆ ಮಾಡಿ ತಟ್ಟೆಯ ಮೇಲೆ ಒಂದು ರಾತ್ರಿ ಬಿಡಿ, ಒಳಗಿನದು ಪೂರ್ತಿ ಇಳಿದ ಮೇಲೆ ಅದನ್ನೂ ಆಯಿಲ್ ಜೊತೆಯೇ ಕೊಟ್ಟು ಬನ್ನಿ.